ಏಳನೇ ಕಿವಿ ಕೇಳಿದ್ದು

ಏಳನೇ ಕಿವಿಯ ಪಕ್ಕದಲ್ಲಿ ಓವರ್‌ಸಿಯರ್ ಮಂಜುನಾಥ ಬೋರಲು ಬಿದ್ದಿದ್ದ.

ಮೊದಲು ಕಂಡವಳು ಕ್ಯಾಂಪಿನ ಕಸ ಗುಡಿಸುವ ಭೂತಮ್ಮ. ನೀರಿನ ಕೊಡವನ್ನು ಅಲ್ಲೇ ಬಿಟ್ಟು ಗುಡ್ಡ ಇಳಿದು ಓಡಿ ಬಂದಳು. ಹನ್ನೆರಡಕ್ಕೆ ಇನ್ನೂ ಕಾಲು ಗಂಟೆ ಇತ್ತು. ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಬರುತ್ತಿದ್ದ ಮಸೂದಾ ಅಂಗಳದಲ್ಲೇ ಎದುರಾದಳು.

“ಓವರ್‌ಸೀರಪ್ಪ ಬಿದ್ದೋಗವ್ರೆ ಕಣವ್ವ. ತಲೆ ಹಿಂದ್ಗಡೆ ಒಡ್ದೋಗೈತೆ.”

“ಉಸಿರು?”

“ಕೆನ್ನೆ ಮ್ಯಾಲೆ ನೊಣ ಕೂತೈತೆ ಕಣವ್ವ. ಓಡಿಸ್ತಿಲ್ಲ.”

ಮಸೂದಾ ಸ್ಟೋರಿನ ಬಾಗಿಲು ತಟ್ಟಿದಳು. ಒಳಗಿನ ಅಗುಳಿ ಸರಿಯಿತು. ಯಂತ್ರಗಳ ಮುಖ್ಯಸ್ಥ ಚಲುವಯ್ಯ ಕೈ ಒರೆಸಿಕೊಳ್ಳುತ್ತಾ ಹೊರಬಂದ. ವಿಷಯ ಕೇಳಿ ಬಾಗಿಲ ಚೌಕಟ್ಟು ಹಿಡಿದು ನಿಂತ. “ಪೊಲೀಸಿಗೆ ಆಳು ಕಳಿಸಿ. ಯಾರೂ ಏನೂ ಮುಟ್ಟಬೇಡಿ,” ಎಂದ.

ಮಸೂದಾ ಗುಡ್ಡ ಹತ್ತಿದಳು. ಹತ್ತಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಸಿಲ್ವರ್ ಓಕ್ ಮರದ ಬುಡದಲ್ಲಿ ಮಂಜುನಾಥನ ಒಂದು ಚಪ್ಪಲಿ ಇತ್ತು. ಎರಡು ಮಾರು ಆಚೆ ಅವನು. ಅವನ ಪಕ್ಕದಲ್ಲಿ ಒಂದು ಕಬ್ಬಿಣದ ಸರಳು. ಜೀಪಿನ ಜಾಕ್ ತಿರುಗಿಸುವ ಸರಳು. ಹಿಡಿಕೆಯ ಹತ್ತಿರ ಹಳದಿ ಬಣ್ಣದ ಪಟ್ಟೆ ಬಳಿದಿತ್ತು.

ಆ ಪಟ್ಟೆ ಬಳಿದವನು ಅವಳ ತಮ್ಮ ಅಕ್ರಂ. ಕ್ಯಾಂಪಿನ ಜೀಪ್ ಡ್ರೈವರ್.

ಇಳಿದು ಬಂದಾಗ ಅಕ್ರಂ ಜೀಪಿನ ಪಕ್ಕ ನಿಂತು ಒದ್ದೆ ಅಂಗಿ ಹಿಂಡುತ್ತಿದ್ದ. ಅಕ್ಕನನ್ನು ಕಂಡು ನಕ್ಕ. ಅವನಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ. ಮುಟ್ಟದವನಂತೆ ಇದ್ದ ಎಂದಷ್ಟೇ ಹೇಳಬೇಕು.

ಅಂಗಿಯ ವಿಷಯ ಮಸೂದಾ ಯಾರಿಗೂ ಹೇಳಲಿಲ್ಲ.

* * *

ಅದು ೧೯೬೭ರ ಜನವರಿ. ಬೆಟ್ಟ ಕಡಿದು ಹೊಸ ದಾರಿ ಮಾಡುವ ಮುಂಚೆ ಬಂಡೆ ಎಷ್ಟು ಗಟ್ಟಿ ಎಂದು ಅಳೆಯಲು ಆ ಕ್ಯಾಂಪು ಬಂದಿತ್ತು. ಆನೇಮಹಲಿನ ಮೇಲಿನ ಗುಡ್ಡದಲ್ಲಿ ಹತ್ತು ಕಡೆ ಕಬ್ಬಿಣದ ಡಬ್ಬಿಗಳನ್ನು ಹೂತಿದ್ದರು. ನೆಲ ಎಲ್ಲಿ ನಡುಗಿದರೂ ಡಬ್ಬಿಗೆ ಗೊತ್ತಾಗುತ್ತಿತ್ತು. ಆಳುಗಳು ಅದನ್ನು ಕಿವಿ ಎಂದರು. ಸಾಹೇಬರೂ ಹಾಗೇ ಕರೆಯತೊಡಗಿದರು.

ಹತ್ತು ಕಿವಿಗಳ ತಂತಿಯೂ ಎಸ್ಟೇಟಿನವರು ಬಾಡಿಗೆಗೆ ಕೊಟ್ಟ ಹಳೇ ಕಾಫಿ ಸ್ಟೋರಿಗೆ ಬರುತ್ತಿತ್ತು. ಬೆಳಿಗ್ಗೆ ಹತ್ತರಿಂದ ಹನ್ನೊಂದು ಇಪ್ಪತ್ತರವರೆಗೆ ಬಂಡೆಗೆ ಸಣ್ಣ ಮದ್ದು ಸಿಡಿಸುತ್ತಿದ್ದರು. ಆ ಹೊತ್ತು ಒಂದೊಂದು ಕಿವಿಯೂ ಸೆಕೆಂಡಿಗೆ ಹತ್ತು ಅಂಕಿ ಕಳಿಸುತ್ತಿತ್ತು. ಎಲ್ಲ ಸೇರಿ ನೂರು. ಕೈಯಲ್ಲಿ ಬರೆದು ಪೂರೈಸುವ ಮಾತಲ್ಲ. ಯಂತ್ರವೇ ಉದ್ದನೆಯ ಕಾಗದದ ಪಟ್ಟಿಗೆ ತೂತು ಹೊಡೆದು ಬರೆದುಕೊಳ್ಳುತ್ತಿತ್ತು. ಪಟ್ಟಿಯ ಸುರುಳಿಗಳು ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗುತ್ತಿದ್ದವು. ಅಲ್ಲಿ ಒಂದು ಕೋಣೆ ತುಂಬ ಕೂತಿದ್ದ ಕಂಪ್ಯೂಟರ್ ಆ ತೂತುಗಳನ್ನು ಓದಿ, ಗುಡ್ಡ ನಿಲ್ಲುತ್ತದೋ ಜರಿಯುತ್ತದೋ ಎಂದು ಲೆಕ್ಕ ಹಾಕುತ್ತಿತ್ತು.

ಆ ವೇಗಕ್ಕೆ ಒಂದು ಸುರುಳಿ ಇಪ್ಪತ್ತು ನಿಮಿಷಕ್ಕೆ ಖಾಲಿ. ಹೊಸದು ಏರಿಸಲು ಎರಡು ನಿಮಿಷ ಬೇಕು. ಕಿವಿಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಅದಕ್ಕೇ ಎರಡು ಯಂತ್ರ. ಮೊದಲನೆಯದರ ಸುರುಳಿ ಮುಗಿಯುವ ಮುಂಚೆ ಎರಡನೆಯದನ್ನು ಶುರು ಮಾಡಬೇಕು. ಹತ್ತು ಸೆಕೆಂಡು ಎರಡೂ ಒಟ್ಟಿಗೆ ಓಡಬೇಕು; ಅದೇ ಕೂಡಿಕೆ. ಆಮೇಲೆ ಮೊದಲನೆಯದನ್ನು ನಿಲ್ಲಿಸಿ ಹೊಸ ಸುರುಳಿ ಏರಿಸಬೇಕು. ಮುಂದಿನ ಸಲ ಅದರ ಸರದಿ. ಎಂಬತ್ತು ನಿಮಿಷಕ್ಕೆ ನಾಲ್ಕು ಸುರುಳಿ, ಮೂರು ಕೂಡಿಕೆ. ಅಷ್ಟು ಹೊತ್ತೂ ಸ್ಟೋರಿನಲ್ಲಿ ಚಲುವಯ್ಯ ಒಬ್ಬನೇ. ಗಮನ ತಪ್ಪಬಾರದೆಂದು ಒಳಗಿನಿಂದ ಅಗುಳಿ.

ಮಸೂದಾ ಮೈಸೂರಿನಲ್ಲಿ ಬಿ.ಎಸ್ಸಿ. ಓದಿದವಳು. ಮಧ್ಯಾಹ್ನ ಬಂದು, ಬೆಳಗಿನ ಸುರುಳಿಗಳನ್ನು ಪರೀಕ್ಷಿಸಿ ರುಜು ಹಾಕುವುದು ಅವಳ ಕೆಲಸ.

ಹೆಣ ಸಿಕ್ಕ ಅದೇ ಶನಿವಾರ ಸಂಜೆ ನಾಲ್ಕಕ್ಕೆ ಸಕಲೇಶಪುರದ ಸಬ್ ಇನ್ಸ್‌ಪೆಕ್ಟರ್ ನಂಜುಂಡಯ್ಯ ಸ್ಟೋರಿನ ಮೇಜಿನ ಮುಂದೆ ಕೂತಿದ್ದ. ಚಲುವಯ್ಯ ಅವನೆದುರು ಪಟ್ಟಿ ಬಿಡಿಸಿ ಹಿಡಿದ.

“ಸರಿಯಾಗಿ ಹತ್ತು ನಲವತ್ತೊಂದು. ಏಳನೇ ಕಿವಿ ಒಂದೇ ನೋಡಿ. ಬೇರೆ ಒಂಬತ್ತೂ ಸುಮ್ಮನಿವೆ. ಇದು ಮದ್ದಲ್ಲ. ಯಾರೋ ಪಕ್ಕದಲ್ಲೇ ಬಿದ್ದ ಅದುರು. ಅವನು ಸತ್ತ ಗಳಿಗೆ ಇದು.”

“ನೋಡಿ ಸ್ವಾಮಿ, ನಂಗೆ ಬಸ್ ಟಿಕೆಟ್ಟಿನ ತೂತೇ ಅರ್ಥ ಆಗಲ್ಲ,” ಎಂದ ನಂಜುಂಡಯ್ಯ. “ಹತ್ತು ನಲವತ್ತೊಂದಕ್ಕೆ ಯಾರ್‍ಯಾರು ಎಲ್ಲಿದ್ರಿ, ಅಷ್ಟು ಹೇಳಿ.”

“ನಾನು ಇಲ್ಲೇ. ಹತ್ತು ನಲವತ್ತಕ್ಕೆ ಸುರುಳಿ ಬದಲಾಯಿಸಿದ್ದೀನಿ. ಕೂಡಿಕೆ ಇಲ್ಲೇ ಇದೆ. ಏಳನೇ ಕಿವಿಗೆ ಹತ್ತೋಕೆ ಅರ್ಧ ಗಂಟೆ ಬೇಕು.”

ಮದ್ದು ಸಿಡಿಸುವವರು ನಾಲ್ಕು ಜನ ಒಟ್ಟಿಗೆ ಇದ್ದರು. ಕಾಫಿ ಕುಯ್ಯುವ ಹೆಂಗಸರು ಮಂಜುನಾಥ ಒಬ್ಬನೇ ಹತ್ತುವುದನ್ನು ಹತ್ತೂ ಕಾಲಕ್ಕೆ ನೋಡಿದ್ದರು. ಸಾಕ್ಷಿ ಇಲ್ಲದವನು ಅಕ್ರಂ ಒಬ್ಬನೇ. ಜೀಪಿನಲ್ಲಿ ಹಾನುಬಾಳಿಗೆ ಜನ ತುಂಬಿಕೊಂಡು ಹೋಗುತ್ತಾನೆಂದು ಮಂಜುನಾಥ ಹೋದ ವಾರ ಅವನ ಮೇಲೆ ದೂರು ಬರೆದಿದ್ದ. “ನಿಮ್ಮನ್ನ ನೋಡ್ಕೋತೀನಿ ಸಾರ್,” ಎಂದು ಅವನು ಎಲ್ಲರೆದುರು ಅಂದಿದ್ದ.

ಐದು ಗಂಟೆಗೆ ಅಕ್ರಂನನ್ನು ವ್ಯಾನಿಗೆ ಹತ್ತಿಸಿದರು.

* * *

ಭಾನುವಾರ ಬೆಳಿಗ್ಗೆ ಠಾಣೆಯ ಹೊರಗೆ ತಂದೆ ಮುಖ್ತಾರ್ ತಮ್ಮ ಲಾರಿಗೆ ಒರಗಿ ನಿಂತಿದ್ದರು. ಒಳಗೆ ಹೋಗಲು ಮನಸ್ಸಾಗಲಿಲ್ಲ. ಮಸೂದಾ ಒಬ್ಬಳೇ ಹೋದಳು.

ಅಕ್ರಂನ ಎಡಗಣ್ಣು ಊದಿಕೊಂಡಿತ್ತು.

“ಹಳ್ಳದ ಮಡುವಲ್ಲಿ ಈಜಾಡ್ತಿದ್ದೆ ಆಪಾ. ಅಷ್ಟೇ.”

“ಯಾರಾದ್ರೂ ನೋಡಿದ್ರಾ?”

“ಎರಡು ಎಮ್ಮೆ ನೋಡಿದ್ವು. ಕರೆಸು.”

“ಅಕ್ರಂ.”

“ಜೀಪ್ ಕೆಳಗೆ ನಿಲ್ಸಿದ್ದೆ. ಸರಳು ಸೀಟಿನ ಕೆಳಗಿತ್ತು. ಯಾರು ಬೇಕಾದ್ರೂ ತಗೋಬಹುದು.” ಅವನು ಕಂಬಿ ಹಿಡಿದುಕೊಂಡ. “ಅಬ್ಬಾ ಒಳಗೆ ಬರಲ್ವಾ?”

ಮಸೂದಾ ಹೊರಗಿನ ಲಾರಿಯ ಕಡೆ ತಿರುಗಿ ನೋಡಿದಳು.

ನಂಜುಂಡಯ್ಯ ಅವಳನ್ನು ಕರೆದು ಕೂರಿಸಿದ. “ನಾಳೆ ಬೆಳಿಗ್ಗೆ ಹಾಸನದ ಕೋರ್ಟಿಗೆ ಕರ್ಕೊಂಡು ಹೋಗ್ತೀವಿ. ಹೋದ್ರೆ ಬೇಗ ಹಿಂದಕ್ಕೆ ಬರೋ ಕೇಸಲ್ಲ, ಗೊತ್ತಲ್ಲಮ್ಮ. ನಿನ್ನೆಯ ಪಟ್ಟಿ ಸರಿ ಐತೆ ಅಂತ ನಿಮ್ಮ ರುಜು ಬೇಕು. ಪರೀಕ್ಷೆ ಮಾಡೋರು ನೀವಂತೆ.”

“ನಾನು ಹಾಕದಿದ್ರೆ?”

“ತಮ್ಮನ್ನ ಉಳಿಸ್ಕೊಳ್ಳೋಕೆ ಅಕ್ಕ ಹಿಂಜರಿದಳು ಅಂತ ಬರ್ಕೋತೀನಿ. ಚಲುವಯ್ಯನವರು ಹಾಕ್ತಾರೆ.”

“ಹಾಕ್ತೀನಿ. ಪರೀಕ್ಷೆ ಮಾಡಿ ಹಾಕ್ತೀನಿ.”

ಸ್ಟೋರಿಗೆ ನಡೆಯುವಾಗ ಅವಳಿಗೆ ಶುಕ್ರವಾರದ ಮಾತು ನೆನಪಾಯಿತು. ಶುಕ್ರವಾರ ಮಂಜುನಾಥ ಅವಳ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ್ದ: “ಮಸೂದಾ ಅವರೇ, ಮಂಗಳವಾರ ದೊಡ್ಡ ಮದ್ದು ಸಿಡಿಸಿದಾಗ ನನ್ನ ಕಾಲ ಕೆಳಗೇ ನೆಲ ಜಗ್ಗಿತು. ಪಟ್ಟಿಯಲ್ಲಿ ಅದು ಯಾಕೆ ಕಾಣಲ್ಲ?” ಅವಳಿಗೂ ಅನುಮಾನವಿತ್ತು. ಆದರೆ ಬಾಯಿ ಬಿಡಲು ಹೆದರಿದಳು. “ಚಲುವಯ್ಯ ಸಾರನ್ನೇ ಕೇಳಿ,” ಎಂದಳು. ಅವನು ಅಲ್ಲಿಂದ ನೇರವಾಗಿ ಚಲುವಯ್ಯನ ಕೋಣೆಗೆ ಹೋದ. ಅವಳು ಅವನನ್ನು ಜೀವಂತ ನೋಡಿದ್ದು ಅದೇ ಕೊನೆ.

* * *

ಚಲುವಯ್ಯ ಸುರುಳಿಗಳ ಡಬ್ಬಿ ಕೊಟ್ಟು ಹೊರಗೆ ಕಾಫಿ ಕುಡಿಯಲು ಕೂತ. ಬಾಗಿಲಲ್ಲಿ ಒಬ್ಬ ಪೇದೆ ನಿಂತ.

ನಾಲ್ಕು ಸುರುಳಿ. ಒಂದೊಂದರ ಮೇಲೂ ಚಲುವಯ್ಯನ ಅಕ್ಷರ. ಒಂದು, ಮೊದಲನೇ ಯಂತ್ರ. ಎರಡು, ಎರಡನೇ ಯಂತ್ರ. ಮೂರು, ಮೊದಲನೆಯದು. ನಾಲ್ಕು, ಎರಡನೆಯದು. ಎಂದಿನಂತೆ.

ಮೊದಲನೆಯ ಸುರುಳಿಯ ಗಂಟೆ ಗುರುತುಗಳನ್ನು ನೋಡಿದಳು. ತಪ್ಪಿರಲಿಲ್ಲ. ಕೂಡಿಕೆಯ ಹತ್ತು ಸೆಕೆಂಡು ಎರಡೂ ಪಟ್ಟಿಯಲ್ಲಿ ತೂತಿಗೆ ತೂತು ಹೊಂದುತ್ತಿತ್ತು. ಅಲ್ಲೊಂದು ಅಂಟಿಸಿದ ಗುರುತಿತ್ತು. ಪಟ್ಟಿ ಹರಿದಾಗ ಆ ತುಂಡನ್ನು ಮೂಲೆಯ ನಕಲು ಯಂತ್ರದಲ್ಲಿ ಮತ್ತೆ ಹೊಡೆದು ಅಂಟಿಸುವುದು ರೂಢಿ. ಅದರಲ್ಲೇನೂ ಇಲ್ಲ.

ಎರಡನೆಯ ಸುರುಳಿ ಎತ್ತಿಕೊಂಡಳು. ರೂಢಿಯಂತೆ ಕಪ್ಪು ಬಟ್ಟೆಯ ಮಡಿಕೆಯಲ್ಲಿ ಪಟ್ಟಿಯನ್ನಿಟ್ಟು, ಹೆಬ್ಬೆರಳಿಂದ ಒತ್ತಿ ಎಳೆಯತೊಡಗಿದಳು. ಒಂದು ಮಾರು ಎಳೆದಳು. ಎರಡು ಮಾರು. ಹತ್ತು ಮಾರು.

ಬಟ್ಟೆ ಬಿಡಿಸಿ ನೋಡಿದಳು. ಕಪ್ಪು ಬಟ್ಟೆ ಕಪ್ಪಾಗಿಯೇ ಇತ್ತು.

ಪಟ್ಟಿಯನ್ನು ಬೆಳಕಿಗೆ ಹಿಡಿದಳು; ತೂತುಗಳೆಲ್ಲ ಸ್ವಚ್ಛವಾಗಿದ್ದವು.

ಎರಡನೇ ಯಂತ್ರದ ನಾಲ್ಕನೇ ಸೂಜಿ ಮೊಂಡಾಗಿ ಎರಡು ತಿಂಗಳಾಗಿತ್ತು. ತೂತಿನ ಚುಕ್ಕೆ ಪೂರಾ ಉದುರದೆ ಕಣ್ರೆಪ್ಪೆಯ ಹಾಗೆ ಅಂಟಿಕೊಂಡು ನಿಲ್ಲುತ್ತಿತ್ತು. ಹಾಗೇ ಬೆಂಗಳೂರಿಗೆ ಹೋದರೆ ಕಂಪ್ಯೂಟರ್ ಅಂಕಿಯನ್ನು ತಪ್ಪು ಓದುತ್ತದೆ. ಅದಕ್ಕೆ ಅವಳು ಎರಡನೇ, ನಾಲ್ಕನೇ ಸುರುಳಿಗಳನ್ನು ದಿನವೂ ಬಟ್ಟೆಯಲ್ಲಿ ಉಜ್ಜಿ ರೆಪ್ಪೆ ಉದುರಿಸುತ್ತಿದ್ದಳು. ಇದನ್ನು ಚಲುವಯ್ಯನಿಗೆ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು, “ಯಂತ್ರದ ವಿಷಯ ನನಗೆ ಬಿಡಿ. ನೀವು ತೂತು ಎಣಿಸಿ, ಸಾಕು,” ಎಂದಿದ್ದ. ಅಂದಿನಿಂದ ಅವಳು ಸಣ್ಣಪುಟ್ಟದ್ದನ್ನು ತಾನೇ ಸರಿಮಾಡಿಕೊಂಡು ಸುಮ್ಮನಿರುತ್ತಿದ್ದಳು.

ನಾಲ್ಕನೇ ಸುರುಳಿ ಎಳೆದಳು. ಒಂದು ರೆಪ್ಪೆಯೂ ಉದುರಲಿಲ್ಲ.

ಹಿಂಬಾಗಿಲಲ್ಲಿ ಭೂತಮ್ಮ ಪೊರಕೆ ಹಿಡಿದು ನಿಂತಿದ್ದಳು. ಮಸೂದಾ ಅವಳ ಹತ್ತಿರ ಹೋದಳು. ಒಂದೊಂದು ಯಂತ್ರದ ಕೆಳಗೂ ಒಂದೊಂದು ಡಬ್ಬಿ ಇರುತ್ತಿತ್ತು. ಉದುರಿದ ಚುಕ್ಕೆಗಳು ಅದರಲ್ಲಿ ಬೀಳುತ್ತಿದ್ದವು. ದಿನವೂ ಸಂಜೆ ಅವನ್ನು ಚೆಲ್ಲುವವಳು ಭೂತಮ್ಮ.

“ನಿನ್ನೆ ಡಬ್ಬಿ ಚೆಲ್ಲಿದ್ಯಾ?”

“ಚೆಲ್ದೆ ಕಣವ್ವ. ಕೆಲ್ಸ ಬುಡಕ್ಕಾಗ್ತದಾ.”

“ಎಷ್ಟಿತ್ತು?”

“ಒಂದು ಡಬ್ಬಿ ತುಂಬಿ ನೆಲದ್ ಮ್ಯಾಲೆಲ್ಲ ಚೆಲ್ಲಿತ್ತು. ಇನ್ನೊಂದ್ರಲ್ಲಿ ಒಂದು ಚುಕ್ಕೇನೂ ಇರ್ಲಿಲ್ಲ. ಯಂತ್ರಕ್ಕೂ ಉಪಾಸ ಏನೋ ಅಂದ್ಕಂಡೆ.”

“ಯಾವುದು ಖಾಲಿ ಇತ್ತು?”

ಭೂತಮ್ಮ ಪೊರಕೆಯ ತುದಿಯಿಂದ ಎರಡನೇ ಯಂತ್ರವನ್ನು ತೋರಿಸಿದಳು.

ಮಸೂದಾ ಮೇಜಿಗೆ ಮರಳಿ ಮಂಗಳವಾರದ ಸುರುಳಿ ತೆಗೆದಳು. ದೊಡ್ಡ ಮದ್ದು ಸಿಡಿದದ್ದು ಹತ್ತು ಇಪ್ಪತ್ತೈದಕ್ಕೆ. ಬೆರಳಿಟ್ಟು ಓದಿದಳು. ಅರ್ಧ ಗಂಟೆ ಹಿಡಿಯಿತು. ಆಮೇಲೆ ಬಾಗಿಲಿಗೆ ಬಂದು ಪೇದೆಗೆ ಹೇಳಿದಳು: “ರುಜು ಹಾಕೋದಕ್ಕೆ ಸಾಹೇಬರು ಇಲ್ಲಿಗೇ ಬರಬೇಕು.”

* * *

ನಂಜುಂಡಯ್ಯ ಬಂದಾಗ ಮೂರು ಗಂಟೆ. ಬಿಸಿಲು ಕಣದ ಮೇಲೆ ಒಣಗಲು ಹಾಕಿದ ಕಾಫಿ ಹಣ್ಣಿನ ಮೇಲೆ ಬಿದ್ದಿತ್ತು. ಚಲುವಯ್ಯ ಕೈಕಟ್ಟಿ ನಿಂತ. ಮಸೂದಾ ಮೇಜಿನ ಅಂಚು ಹಿಡಿದುಕೊಂಡಿದ್ದಳು.

“ಸಾರ್, ಎರಡನೇ ಯಂತ್ರವನ್ನ ಈಚೆಗೆ ಯಾರಾದ್ರೂ ಬಿಚ್ಚಿದ್ರಾ?”

“ಯಾರು ಬಿಚ್ತಾರೆ? ಬೀಗದ ಕೈ ನನ್ನ ಹತ್ರ. ಮೂರು ತಿಂಗಳಿಂದ ಒಂದು ತಿರುಪೂ ಮುಟ್ಟಿಲ್ಲ.”

“ಸೂಜಿ ಬದಲಾಯಿಸಿದ್ದು?”

“ಮಸೂದಾ, ನೀವು ತೂತು ಎಣಿಸಿ.”

“ಅದನ್ನೇ ಮಾಡ್ತಿದ್ದೀನಿ ಸಾರ್. ಎರಡನೆಯದನ್ನ ಒಂದು ನಿಮಿಷ ಓಡಿಸ್ತೀರಾ?”

ಚಲುವಯ್ಯ ನಂಜುಂಡಯ್ಯನ ಮುಖ ನೋಡಿದ. “ಓಡಿಸಿ ಸ್ವಾಮಿ. ನಾನೂ ನೋಡಿಲ್ಲ,” ಎಂದ ನಂಜುಂಡಯ್ಯ.

ಯಂತ್ರ ಗಡಗಡಿಸಿತು. ಪಟ್ಟಿ ಹಾವಿನಂತೆ ಹೊರಬಂತು. ಮಸೂದಾ ಅದನ್ನು ಕಪ್ಪು ಬಟ್ಟೆಯಲ್ಲಿ ಒತ್ತಿ ಎಳೆದು, ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. ಬಿಳಿ ರೆಪ್ಪೆಗಳು ಅಕ್ಕಿನುಚ್ಚಿನಂತೆ ಬಿದ್ದಿದ್ದವು.

“ಈ ಯಂತ್ರ ಯಾವಾಗ ಓಡಿದ್ರೂ ಹೀಗೇ. ಎರಡು ತಿಂಗಳಿಂದ. ಇದು ಶನಿವಾರದ ಎರಡನೇ ಸುರುಳಿ. ಇದೇ ಯಂತ್ರದ್ದು ಅಂತ ಮೇಲೆ ಬರೆದಿದೆ.” ಅವಳು ನಂಜುಂಡಯ್ಯನ ಕೈಗೇ ಬಟ್ಟೆ ಕೊಟ್ಟಳು. “ನೀವೇ ಎಳೀರಿ.”

ಅವನು ಎಳೆದ. ಬಟ್ಟೆ ಬಿಡಿಸಿದ. ಇನ್ನೊಂದು ಸಲ ಎಳೆದ.

“ಏನೂ ಇಲ್ಲ.”

“ನಾಲ್ಕನೇದರಲ್ಲೂ ಇಲ್ಲ. ನಾಲ್ಕು ಸುರುಳಿಯೂ ಮೊದಲನೇ ಯಂತ್ರದವೇ. ಶನಿವಾರ ಎರಡನೇ ಯಂತ್ರ ಓಡಲೇ ಇಲ್ಲ. ಅದರ ಡಬ್ಬಿ ಖಾಲಿ ಇತ್ತು. ಭೂತಮ್ಮನ್ನ ಕೇಳಿ.”

“ಓಡದಿದ್ರೆ ಏನಾಯ್ತು?”

“ಒಂದೇ ಯಂತ್ರ ನಾಲ್ಕು ಸುರುಳಿ ಹೊಡೀಬೇಕಾದ್ರೆ ಮಧ್ಯೆ ಮಧ್ಯೆ ನಿಲ್ಲಿಸಿ ಹೊಸದು ಏರಿಸಬೇಕು. ಒಂದೊಂದು ಸಲಕ್ಕೆ ಎರಡೆರಡು ನಿಮಿಷದ ಅಂಕಿ ಕಾಣೆಯಾಗಬೇಕು. ಇಲ್ಲಿ ಒಂದು ಸೆಕೆಂಡೂ ಕಾಣೆಯಾಗಿಲ್ಲ. ಅಂದ್ರೆ ಅದು ನಿಲ್ಲಲೇ ಇಲ್ಲ. ನಾಲ್ಕು ಖಾಲಿ ಸುರುಳಿಗಳನ್ನ ಮುಂಚೇನೇ ತುದಿಗೆ ತುದಿ ಅಂಟಿಸಿ ಒಂದೇ ಮಾಡಿಟ್ಟಿದ್ರು. ಎಂಬತ್ತು ನಿಮಿಷ ಯಾರ ಕೈಯೂ ಬೇಡ. ಯಂತ್ರ ಶುರು ಮಾಡಿ ಹಿಂಬಾಗಿಲಿಂದ ಹೋಗಬಹುದು.”

ನಂಜುಂಡಯ್ಯ ಹಿಂಬಾಗಿಲ ಕಡೆ ನೋಡಿದ. ಅಲ್ಲಿಂದ ಕಾಲುದಾರಿ ಗಿಡಗಳ ಮರೆಯಲ್ಲೇ ಗುಡ್ಡ ಹತ್ತುತ್ತಿತ್ತು.

“ಕೂಡಿಕೆ ಇದೆಯಲ್ಲಮ್ಮ. ಹತ್ತು ಸೆಕೆಂಡು.”

“ಆಮೇಲೆ ಮಾಡಿದ್ದು. ವಾಪಸ್ ಬಂದು ಉದ್ದನೆ ಪಟ್ಟಿಯನ್ನ ನಾಲ್ಕಾಗಿ ಕತ್ತರಿಸಿದ್ರು. ಮೂಲೆಯಲ್ಲಿ ನಕಲು ಹೊಡೆಯೋ ಯಂತ್ರ ಇದೆ. ಹತ್ತು ಸೆಕೆಂಡಿನ ತುಂಡು ನಕಲು ಮಾಡಿ ತುದಿಗೆ ಅಂಟಿಸಿದ್ರು. ಮೂರು ಕೂಡಿಕೆ, ಮೂರರಲ್ಲೂ ಅಂಟು. ಹೆಣ ಸಿಕ್ಕ ಸುದ್ದಿ ಬಂದಿದ್ದು ಹನ್ನೊಂದೂ ಮುಕ್ಕಾಲಿಗೆ, ನಿಮಗೆ ಪಟ್ಟಿ ತೋರಿಸಿದ್ದು ನಾಲ್ಕಕ್ಕೆ. ಮಧ್ಯೆ ಯಾರೂ ಏನೂ ಮುಟ್ಟಬಾರದು ಅಂತ ಇವರು ಒಳಗಿಂದ ಬಾಗಿಲು ಹಾಕಿಕೊಂಡಿದ್ರು.”

ಚಲುವಯ್ಯ ಮೆಲ್ಲಗೆ ನಕ್ಕ. “ತಮ್ಮನಿಗೋಸ್ಕರ ಚೆನ್ನಾಗಿ ಕಟ್ಟಿದೀರಿ. ನನಗೂ ಮಂಜುನಾಥನಿಗೂ ಏನು ದ್ವೇಷ?”

ಮಸೂದಾ ಮಂಗಳವಾರದ ಪಟ್ಟಿಯನ್ನು ಅವನ ಮುಂದೆ ಇಟ್ಟಳು. ಅವನು ಅದನ್ನು ನೋಡಲಿಲ್ಲ.

“ದೊಡ್ಡ ಮದ್ದು ಸಿಡಿದಾಗ ಯಂತ್ರಕ್ಕೆ ಆ ರಭಸ ತಡೆಯೋಕಾಗಲಿಲ್ಲ. ಆರು ಸೆಕೆಂಡಿನ ಅಂಕಿ ಬಿಟ್ಟುಹೋಯ್ತು. ಬಿಟ್ಟುಹೋಯ್ತು ಅಂತ ಬರೆಯೋ ಬದಲು, ಹತ್ತೂ ಕಾಲರ ತಣ್ಣಗಿದ್ದ ಆರು ಸೆಕೆಂಡನ್ನ ನಕಲು ಮಾಡಿ ಅಲ್ಲಿ ಅಂಟಿಸಿದ್ದಾರೆ. ಆರುನೂರು ಸಾಲು. ಒಂದು ತೂತೂ ವ್ಯತ್ಯಾಸ ಇಲ್ಲ. ಎಷ್ಟು ದಿನ ಹೀಗಾಗಿದೆಯೋ ಗೊತ್ತಿಲ್ಲ. ಈ ಪಟ್ಟಿ ಓದಿದ ಕಂಪ್ಯೂಟರ್ ಗುಡ್ಡ ಗಟ್ಟಿ ಅನ್ನುತ್ತೆ. ಗುಡ್ಡದ ಕೆಳಗೆ ಎಂಬತ್ತು ಸಂಸಾರಕ್ಕೆ ಆಳುಗಳ ಲೈನ್ ಮನೆ ಕಟ್ತಾರೆ. ಮಂಜುನಾಥ ಅವರು ಶುಕ್ರವಾರ ಇದನ್ನ ಇವರ ಹತ್ರ ಕೇಳಿದ್ರು.”

“ಅದು ನಿಮಗೆ ಹೇಗೆ ಗೊತ್ತು?” ಎಂದ ನಂಜುಂಡಯ್ಯ.

“ಇವರ ಹತ್ರ ಹೋಗಿ ಕೇಳಿ ಅಂತ ಕಳಿಸಿದವಳು ನಾನೇ.”

ನಂಜುಂಡಯ್ಯ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ.

“ಏಳನೇ ಕಿವಿ ಪಕ್ಕದಲ್ಲೇ ಯಾಕೆ?”

“ಸತ್ತ ಹೊತ್ತು ಪಟ್ಟಿಯಲ್ಲಿ ಬೀಳಲಿ ಅಂತ. ಸುರುಳಿ ಬದಲಾಗೋ ಹೊತ್ತಿಗೇ ಬೀಳಲಿ ಅಂತ. ಆ ಕಿವಿ ನೋಡಿ ಬಾ ಅಂತ ಇವರೇ ಕಳಿಸಿರಬೇಕು. ಜೀಪ್ ದಾರಿಯಲ್ಲೇ ನಿಂತಿತ್ತು, ಅಕ್ರಂ ಇರಲಿಲ್ಲ. ಸರಳು ಕೈಗೆ ಸಿಕ್ಕಿತು. ಅವನು ಜಗಳ ಆಡಿದ್ದೂ ಎಲ್ಲರಿಗೂ ಗೊತ್ತಿತ್ತು.”

“ಚಲುವಯ್ಯನವರೇ,” ಎಂದ ನಂಜುಂಡಯ್ಯ. “ಹತ್ತರಿಂದ ಹನ್ನೊಂದು ಇಪ್ಪತ್ತರವರೆಗೆ ಇಲ್ಲೇ ಇದ್ದೆ ಅಂದ್ರಿ. ಇದ್ದಿದ್ರೆ ಇಷ್ಟೆಲ್ಲ ಕತ್ತರಿಸಿ ಅಂಟಿಸೋ ಕಷ್ಟ ಯಾಕೆ ಬಿತ್ತು?”

ಚಲುವಯ್ಯ ಎರಡನೇ ಯಂತ್ರದ ಮುಂದೆ ಬಗ್ಗಿದ. ಮುಚ್ಚಳ ತೆಗೆದು ನಾಲ್ಕನೇ ಸೂಜಿಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದ.

“ಎರಡು ತಿಂಗಳಾ?” ಎಂದ. “ನನಗೆ ಹೇಳಬಾರದಿತ್ತಾ?”

ಮಸೂದಾ ಕಪ್ಪು ಬಟ್ಟೆಯನ್ನು ಮಡಿಸಿಟ್ಟಳು.

“ಮುಂದಿನ ತಿಂಗಳು ನನ್ನನ್ನ ಜರ್ಮನಿಗೆ ತರಬೇತಿಗೆ ಕಳಿಸ್ತಿದ್ರು. ಯಂತ್ರ ತಡೆಯಲ್ಲ ಅಂತ ಬರೆದಿದ್ರೆ ಕ್ಯಾಂಪೇ ಮುಚ್ಚೋರು. ಒಂದು ತಿಂಗಳು ತಡೀ ಅಂದೆ ಅವನಿಗೆ. ಕೈಮುಗಿದೆ. ಸೋಮವಾರ ಬೆಂಗಳೂರಿಗೆ ಕಾಗದ ಬರೀತೀನಿ ಅಂದ.” ಅವನು ಮುಚ್ಚಳ ಹಾಕಿದ. “ಒಳ್ಳೇ ಹುಡುಗ. ಬೆನ್ನು ತಿರುಗಿಸಿ ಕೂತು ಕಿವಿಯ ಮಣ್ಣು ಬಿಡಿಸ್ತಿದ್ದ.”

ಪೇದೆ ಅವನ ತೋಳು ಹಿಡಿದ. ನಂಜುಂಡಯ್ಯ ಮಸೂದಾಳ ಮುಂದೆ ಖಾಲಿ ಹಾಳೆ ಇಟ್ಟ.

“ಶುಕ್ರವಾರದ್ದೂ ಸೇರಿಸಿ ಬರೀಬೇಕಮ್ಮ. ನೀವು ಕಳಿಸಿದ್ದು.”

“ಬರೀತೀನಿ.”

ಬರೆದಳು. ಒಂದೇ ಒಂದು ಸಾಲನ್ನು ಹೊಡೆದುಹಾಕಿ ಮತ್ತೆ ಬರೆದಳು. ಕೊನೆಗೆ ರುಜು ಹಾಕಿದಳು.

* * *

ಸಂಜೆ ಆರಕ್ಕೆ ಅಕ್ರಂನನ್ನು ಬಿಟ್ಟರು. ಮುಖ್ತಾರ್ ಮೆಟ್ಟಿಲ ಬಳಿಗೆ ಬಂದು ಮಗನ ಭುಜ ಹಿಡಿದರು. ಆಮೇಲೆ ಲಾರಿ ಸ್ಟಾರ್ಟ್ ಮಾಡಲು ಹೋದರು.

ಅಕ್ಕ ತಮ್ಮ ಇಬ್ಬರೇ ಉಳಿದರು. ಊದಿದ ಕಣ್ಣನ್ನು ಅವನು ಅಂಗೈಯಿಂದ ಮುಚ್ಚಿಕೊಂಡಿದ್ದ.

“ಎಲ್ಲ ನೀನೇ ಕಂಡುಹಿಡಿದೆಯಂತೆ. ಪೇದೆ ಹೇಳಿದ.”

“ಹೂಂ.”

“ಆಪಾ, ಒಂದು ಕೇಳ್ಲಾ?”

“ಕೇಳು.”

“ನಿಂಗೆ ಒಂದು ಗಳಿಗೆನಾದ್ರೂ ನಾನೇ ಮಾಡಿರಬಹುದು ಅನ್ನಿಸ್ತಾ?”

ಇಲ್ಲ ಎನ್ನಬಹುದಿತ್ತು. ಒಂದೇ ಮಾತು. ಶುಕ್ರವಾರ ‘ಚಲುವಯ್ಯ ಸಾರನ್ನೇ ಕೇಳಿ’ ಎಂದಷ್ಟೇ ಸುಲಭದ ಮಾತು. ಮಸೂದಾ ಅವನ ತೆರೆದ ಕಣ್ಣನ್ನು ನೋಡಿದಳು.

“ಅನ್ನಿಸ್ತು,” ಎಂದಳು. “ಇವತ್ತು ಮಧ್ಯಾಹ್ನದವರೆಗೂ.”

ಅಕ್ರಂ ತಲೆ ಆಡಿಸಿದ. ಲಾರಿಯ ಮುಂದಿನ ಸೀಟಿನಲ್ಲಿ ಮೂವರಿಗೂ ಜಾಗವಿತ್ತು. ಅವನು ಹಿಂದಕ್ಕೆ ಹೋಗಿ, ಖಾಲಿ ಚೀಲಗಳ ಮೇಲೆ ಹತ್ತಿ ಕೂತ.